ಮಗುವಿಗೆ ಯಾವ ಆಟಿಕೆ? – ಆಕೃತಿ ಹಲಗೆ ನಡೆದು ಬಂದ ದಾರಿ

ಆಟಿಕೆ ಅಂಗಡಿಯಲ್ಲಿ, ಅಂಗನವಾಡಿಯಲ್ಲಿ, ಮಕ್ಕಳನ್ನು ಪರೀಕ್ಷಿಸುವ ಮನೋವಿಜ್ಞಾನಿಯ ಮೇಜಿನ ಮೇಲೆ ನೀವು ಒಂದು ಮರದ ಹಲಗೆಯನ್ನು ನೋಡಿರಬಹುದು. ಅದರಲ್ಲಿ ವೃತ್ತ, ಚೌಕ, ತ್ರಿಕೋನ, ನಕ್ಷತ್ರ ಮೊದಲಾದ ಆಕಾರದ ಗುಳಿಗಳಿರುತ್ತವೆ. ಗುಳಿಗಳಿಗೆ ಸರಿಹೊಂದುವ ಬಿಲ್ಲೆಗಳು ಪಕ್ಕದಲ್ಲಿರುತ್ತವೆ. ಯಾವ ಬಿಲ್ಲೆ ಯಾವ ಗುಳಿಗೆ ಎಂದು ನೋಡಿ ಕೂರಿಸುವುದೇ ಆಟ. ಇದನ್ನು ಆಕೃತಿ ಹಲಗೆ ಎಂದು ಕರೆಯೋಣ.

ಒಂದೇ ಹಲಗೆ ಮೂರು ಕಡೆ ಮೂರು ಕೆಲಸ ಮಾಡುತ್ತಿದೆ. ಅಂಗಡಿಯಲ್ಲಿ ಅದು ಆಟಿಕೆ, ಅಂಗನವಾಡಿಯಲ್ಲಿ ಕಲಿಕೆಯ ಸಾಮಗ್ರಿ, ಮನೋವಿಜ್ಞಾನಿಯ ಕೈಯಲ್ಲಿ ಅಳತೆಗೋಲು. ಇದು ಹೇಗಾಯಿತು? ‘ಈ ವಯಸ್ಸಿನ ಮಗುವಿಗೆ ಈ ಆಟಿಕೆ’ ಎಂದು ನಾವು ಇಂದು ಸಲೀಸಾಗಿ ಹೇಳುವ ಮಾತು ಎಲ್ಲಿಂದ ಬಂತು? ಆ ಮಾತಿನ ಬೆನ್ನಿಗೇ ಬರುವ ‘ಈ ವಯಸ್ಸಿಗೆ ಇದು ಬರಲೇಬೇಕು’ ಎಂಬ ತೀರ್ಪು ಎಲ್ಲಿಂದ ಬಂತು? ಒಂದನೆಯ ತರಗತಿಯಲ್ಲಿ ಮೂವತ್ತು ಮಕ್ಕಳನ್ನು ಕೂರಿಸಿಕೊಂಡಿರುವ ಶಿಕ್ಷಕರಿಗೆ ಈ ಪ್ರಶ್ನೆಗಳು ಹೊಸವಲ್ಲ. ಮೂವತ್ತು ಮಕ್ಕಳ ವಯಸ್ಸು ಒಂದೇ ಇದ್ದರೂ ಅವರ ಕೈ, ಕಣ್ಣು, ಮಾತು, ಗಮನ ಒಂದೇ ಮಟ್ಟದಲ್ಲಿ ಇರುವುದಿಲ್ಲ.

ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ನಾವು ತಲುಪುವುದು ಇನ್ನೂರು ವರ್ಷಗಳ ಹಿಂದಿನ ಪ್ಯಾರಿಸ್ಸಿನ ಕಿವುಡು ಮೂಗ ಮಕ್ಕಳ ಶಾಲೆಯೊಂದಕ್ಕೆ.

ಬೆಂಕಿಗೆ ಬಿದ್ದ ಆಟಿಕೆಗಳು

1800ರ ಜನವರಿಯಲ್ಲಿ ದಕ್ಷಿಣ ಫ್ರಾನ್ಸಿನ ಅವೇರಾನ್ ಪ್ರಾಂತದ ಕಾಡಂಚಿನಲ್ಲಿ ಸುಮಾರು ಹನ್ನೆರಡು ವರ್ಷದ ಹುಡುಗನೊಬ್ಬ ಸಿಕ್ಕಿದ. ಅವನಿಗೆ ಮಾತಿರಲಿಲ್ಲ, ಮೈಮೇಲೆ ಬಟ್ಟೆ ನಿಲ್ಲುತ್ತಿರಲಿಲ್ಲ. ಅದೇ ವರ್ಷ ಅವನನ್ನು ಪ್ಯಾರಿಸ್ಸಿಗೆ ಕರೆತಂದರು. ಆ ಕಾಲದ ಪ್ರಸಿದ್ಧ ವೈದ್ಯ ಫಿಲಿಪ್ ಪಿನೆಲ್ ಅವನನ್ನು ಪರೀಕ್ಷಿಸಿ, ಇವನು ಹುಟ್ಟು ಮಂದಬುದ್ಧಿಯವನು, ಕಲಿಸಿ ಪ್ರಯೋಜನವಿಲ್ಲ ಎಂಬ ಅಭಿಪ್ರಾಯಕ್ಕೆ ಬಂದ. ಇದನ್ನು ಒಪ್ಪದ ತರುಣ ವೈದ್ಯನೊಬ್ಬನಿದ್ದ. ಅವನ ಹೆಸರು ಜಾನ್ ಇಟಾರ್, ವಯಸ್ಸು ಇಪ್ಪತ್ತಾರು. ಹುಡುಗನಿಗೆ ವಿಕ್ಟರ್ ಎಂದು ಹೆಸರಿಟ್ಟು ಆತ ಐದಾರು ವರ್ಷ ಅವನಿಗೆ ಕಲಿಸಿದ. ಕಲಿಸಿದ್ದರ ವರದಿಗಳನ್ನು 1801ರಲ್ಲಿ ಮತ್ತು 1806ರಲ್ಲಿ ಬರೆದ. ಮಕ್ಕಳ ಮನೋವಿಜ್ಞಾನದಲ್ಲಿ ಆ ಎರಡು ವರದಿಗಳಷ್ಟು ಪ್ರಾಮಾಣಿಕವಾದ ದಾಖಲೆಗಳು ಕಡಿಮೆ.

ಮಕ್ಕಳಿಗೆ ಆಟಿಕೆ ಎಂದರೆ ಇಷ್ಟ ಎಂದುಕೊಂಡು ಇಟಾರ್ ಮೊದಲು ಬಗೆಬಗೆಯ ಆಟಿಕೆಗಳನ್ನು ತಂದುಕೊಟ್ಟ. ಅವುಗಳಿಂದ ಹೇಗೆ ಆಡಬೇಕೆಂದು ಗಂಟೆಗಟ್ಟಲೆ ತೋರಿಸಿಕೊಟ್ಟ. ವಿಕ್ಟರ್ ಬೇಸತ್ತು ಅವನ್ನು ಬಚ್ಚಿಟ್ಟ, ಇಲ್ಲವೇ ಮುರಿದುಹಾಕಿದ. ಚೆಂಡಿನಿಂದ ಉರುಳಿಸುವ ಮರದ ಗೂಟಗಳ ಸೆಟ್ಟೊಂದಿತ್ತು. ಒಂದು ದಿನ ಒಬ್ಬನೇ ಇದ್ದಾಗ ಅವನ್ನೆಲ್ಲ ಒಲೆಗೆ ಹಾಕಿ, ಆ ಬೆಂಕಿಯ ಮುಂದೆ ಸಂತೋಷವಾಗಿ ಮೈ ಕಾಯಿಸಿಕೊಂಡ! ಮರದ ತುಂಡಿನ ಉಪಯೋಗ ಅವನಿಗೆ ಗೊತ್ತಿದ್ದದ್ದು ಹಾಗೆ.

ಇಟಾರ್ ಆಗ ಹುಡುಗನಿಗೆ ಏನು ಇಷ್ಟ ಎಂದು ಗಮನಿಸತೊಡಗಿದ. ತಿನ್ನುವುದು ಇಷ್ಟ. ಲೋಟಗಳನ್ನು ಬೋರಲು ಹಾಕಿ, ಒಂದರ ಕೆಳಗೆ ಚೆಸ್ಟ್‌ನಟ್ ಬೀಜವೊಂದನ್ನು ಇಟ್ಟ. ವಿಕ್ಟರ್ ಸರಿಯಾದ ಲೋಟವನ್ನೇ ಎತ್ತಿದ. ಬಳಿಕ ಇಟಾರ್ ಲೋಟಗಳ ಸ್ಥಾನವನ್ನು ನಿಧಾನವಾಗಿ ಬದಲಿಸಿದ, ಆಮೇಲೆ ಬೇಗಬೇಗ ಬದಲಿಸಿದ, ಒಂದರ ಬದಲು ಎರಡು ಮೂರು ಬೀಜ ಇಟ್ಟ. ಕೊನೆಗೆ ತಿನ್ನಲು ಬಾರದ ವಸ್ತುಗಳನ್ನು ಇಟ್ಟರೂ ವಿಕ್ಟರ್ ಅಷ್ಟೇ ಉತ್ಸಾಹದಿಂದ ಹುಡುಕಿದ. ಹೊಟ್ಟೆಯ ಆಟ ಈಗ ಕಣ್ಣಿನ ಆಟವಾಗಿತ್ತು.

ಅವನಿಗೆ ಇನ್ನೊಂದು ಗುಣವಿತ್ತು. ವಸ್ತುಗಳು ಅವುಗಳ ಜಾಗದಲ್ಲೇ ಇರಬೇಕು. ಇಟಾರ್ ಅದನ್ನೂ ಹಿಡಿದುಕೊಂಡ. ಕಪ್ಪು ಹಲಗೆಯ ಮೇಲೆ ಬೀಗದ ಕೈ, ಕತ್ತರಿ, ಸುತ್ತಿಗೆಗಳ ಹೊರರೇಖೆ ಬರೆದು, ಆಯಾ ಚಿತ್ರದ ಮೇಲೆ ಆಯಾ ವಸ್ತುವನ್ನು ತೂಗುಹಾಕಿದ. ವಿಕ್ಟರ್ ಸರಿಯಾಗಿಯೇ ತೂಗುಹಾಕುತ್ತಿದ್ದ, ಆದರೆ ಚಿತ್ರ ನೋಡಿ ಅಲ್ಲ, ಜಾಗವನ್ನು ನೆನಪಿಟ್ಟುಕೊಂಡು. ಇದು ತಿಳಿದಾಗ ಇಟಾರ್ ವಸ್ತುಗಳ ಸಂಖ್ಯೆಯನ್ನು ಹೆಚ್ಚಿಸುತ್ತ ಹೋದ. ನೆನಪು ಸಾಲದಾದಾಗ ವಿಕ್ಟರ್ ಚಿತ್ರ ನೋಡಲು ಕಲಿತ. ಮುಂದಿನ ಹಂತದಲ್ಲಿ ಹಲಗೆಗೆ ಕೆಂಪು ವೃತ್ತ, ನೀಲಿ ತ್ರಿಕೋನ, ಕಪ್ಪು ಚೌಕದ ಕಾಗದಗಳನ್ನು ಅಂಟಿಸಿ, ಅದೇ ಆಕಾರ, ಅದೇ ಬಣ್ಣದ ರಟ್ಟಿನ ತುಂಡುಗಳನ್ನು ಮೊಳೆಗೆ ಸಿಕ್ಕಿಸಲು ಕೊಟ್ಟ. ಆಮೇಲೆ ಬಣ್ಣದ ಸುಳಿವನ್ನು ತೆಗೆದ. ಮತ್ತೆ, ಚೌಕದ ಪಕ್ಕಕ್ಕೆ ಅದನ್ನೇ ಹೋಲುವ ಸಮಾಂತರ ಚತುರ್ಭುಜವನ್ನು ತಂದ. ಪ್ರತಿ ಹೆಜ್ಜೆಯಲ್ಲೂ ಒಂದೇ ಒಂದು ಹೊಸ ಕಷ್ಟ. ಹೆಜ್ಜೆ ದೊಡ್ಡದಾದ ದಿನ ವಿಕ್ಟರ್ ಸಿಟ್ಟಿಗೆದ್ದು ತುಂಡುಗಳನ್ನು ಎಸೆಯುತ್ತಿದ್ದ. ಆಗ ಒಂದು ಹೆಜ್ಜೆ ಹಿಂದಕ್ಕೆ.

ವಿಕ್ಟರ್ ಮಾತು ಕಲಿಯಲಿಲ್ಲ. 1828ರಲ್ಲಿ ತೀರಿಕೊಳ್ಳುವವರೆಗೂ ಅವನನ್ನು ನೋಡಿಕೊಂಡವರು ಗೆರಾಂ ಎಂಬ ಮಹಿಳೆ. ಆ ದೃಷ್ಟಿಯಿಂದ ಇಟಾರ್ ಸೋತ ಎಂದೇ ಹಲವರು ಬರೆದರು, ಸ್ವತಃ ಇಟಾರ್ ಕೂಡ ಹಾಗೆಯೇ ಭಾವಿಸಿದ್ದ. ಆದರೆ ಆಟಿಕೆಯ ಚರಿತ್ರೆಯಲ್ಲಿ ನೋಡಿದರೆ ಆತ ಮಾಡಿದ್ದು ಬಹಳ ದೊಡ್ಡ ಕೆಲಸ. ಆ ವಯಸ್ಸಿನ ಹುಡುಗರಿಗೆ ಒಪ್ಪುವ ಆಟಿಕೆಗಳು ಒಲೆ ಸೇರಿದವು. ಮಗುವಿನ ಕೈ ಈಗ ಏನು ಮಾಡಬಲ್ಲದು, ಅದಕ್ಕಿಂತ ಒಂದೇ ಗೆಣ್ಣು ಮುಂದಿನದು ಯಾವುದು ಎಂದು ನೋಡಿ ಮಾಡಿದ ಲೋಟದಾಟ ಉಳಿಯಿತು.

ಸೆಗ್ವಾಂನ ಹಲಗೆ

ಇಟಾರ್‌ನ ಕೊನೆಯ ದಿನಗಳಲ್ಲಿ ಎದುವಾರ್ ಸೆಗ್ವಾಂ ಎಂಬ ತರುಣ ಅವನ ಬಳಿ ಕೆಲಸ ಕಲಿತ. 1838ರಲ್ಲಿ ಇಟಾರ್ ತೀರಿಕೊಂಡ. ಸೆಗ್ವಾಂ ಪ್ಯಾರಿಸ್ಸಿನ ಬಿಸೇತ್ರ್ ಆಸ್ಪತ್ರೆಯಲ್ಲಿದ್ದ ಮಕ್ಕಳಿಗೆ ಕಲಿಸುವ ಕೆಲಸ ವಹಿಸಿಕೊಂಡ. ಆ ಕಾಲದ ವೈದ್ಯಕೀಯ ಭಾಷೆಯಲ್ಲಿ ಅವರೆಲ್ಲ ‘ಈಡಿಯಟ್’ಗಳು. ಅಂದು ಅದು ಬೈಗುಳವಲ್ಲ, ರೋಗದ ಹೆಸರು. ಇಂದು ನಾವು ಬೌದ್ಧಿಕ ಅಸಾಮರ್ಥ್ಯ ಎನ್ನುತ್ತೇವೆ.

ಒಬ್ಬ ವಿಕ್ಟರ್‌ಗೆ ಮಾಡಿದ್ದನ್ನು ಸೆಗ್ವಾಂ ಒಂದು ಪದ್ಧತಿಯನ್ನಾಗಿ ಕಟ್ಟಿದ. ಮೊದಲು ಸ್ನಾಯು, ಆಮೇಲೆ ಇಂದ್ರಿಯ, ಕೊನೆಗೆ ವಿಚಾರ ಎಂಬುದು ಅವನ ಕ್ರಮ. ಏಣಿ ಹತ್ತಿಸುವುದು, ಭಾರ ಹಿಡಿಸುವುದು, ಗುಂಡಿ ಹಾಕಿಸುವುದು ಮುಂತಾಗಿ ಕೈಯ ಕೆಲಸಕ್ಕೆ ಅವನು ಕೊಟ್ಟ ಮಹತ್ವ ಅಪಾರ. ಇಟಾರ್‌ನ ಚಪ್ಪಟೆ ಚಿತ್ರಗಳು ಅವನಲ್ಲಿ ಗುಳಿಗಳಾದವು. ಮೇಲ್ನೋಟಕ್ಕೆ ಇದು ಸಣ್ಣ ಬದಲಾವಣೆ. ಆದರೆ ಚಿತ್ರದ ಮೇಲೆ ತಪ್ಪು ತುಂಡನ್ನು ಇಟ್ಟರೂ ಅದು ಅಲ್ಲೇ ಕೂರುತ್ತದೆ, ತಪ್ಪೆಂದು ಹೇಳಲು ಗುರುವೇ ಬೇಕು. ಗುಳಿಯಲ್ಲಿ ತಪ್ಪು ಬಿಲ್ಲೆ ಕೂರುವುದೇ ಇಲ್ಲ. ಚೌಕ ವೃತ್ತದೊಳಗೆ ಇಳಿಯದು ಎಂಬುದನ್ನು ಬೆರಳೇ ಹೇಳುತ್ತದೆ. ಮಾತು ಅರ್ಥವಾಗದ ಮಗುವಿಗೆ, ಕಿವಿ ಕೇಳದ ಮಗುವಿಗೆ ಇದಕ್ಕಿಂತ ಒಳ್ಳೆಯ ಗುರು ಸಿಗುವುದು ಕಷ್ಟ.

1846ರಲ್ಲಿ ಸೆಗ್ವಾಂ ತನ್ನ ಪದ್ಧತಿಯ ದೊಡ್ಡ ಗ್ರಂಥವನ್ನು ಪ್ರಕಟಿಸಿದ. 1848ರ ಕ್ರಾಂತಿಯ ನಂತರ ಅಮೆರಿಕಕ್ಕೆ ಹೋಗಿ ನೆಲೆಸಿ, ಅಲ್ಲಿ 1866ರಲ್ಲಿ ಇಂಗ್ಲಿಷಿನಲ್ಲಿ ಇನ್ನೊಂದು ಗ್ರಂಥ ಬರೆದ. ಯುರೋಪು ಅವನನ್ನು ಬಹುಮಟ್ಟಿಗೆ ಮರೆತಿತು.

ಈ ನಡುವೆ ಜರ್ಮನಿಯಲ್ಲಿ ಬೇರೆಯದೇ ಒಂದು ಪ್ರಯೋಗ ನಡೆದಿತ್ತು. ಫ್ರೀಡ್ರಿಕ್ ಫ್ರೋಬೆಲ್ ಎಳೆಯ ಮಕ್ಕಳಿಗಾಗಿ 1837ರಿಂದ ಬ್ಲಾಂಕೆನ್‌ಬುರ್ಗ್‌ನಲ್ಲಿ ಆಟಿಕೆಗಳನ್ನು ತಯಾರಿಸತೊಡಗಿದ. ಅವಕ್ಕೆ ‘ಕೊಡುಗೆ’ಗಳು ಎಂದು ಹೆಸರಿಟ್ಟ. ಮೊದಲ ಕೊಡುಗೆ ಬಣ್ಣದ ಉಣ್ಣೆಯ ಆರು ಚೆಂಡು, ಎರಡನೆಯದು ಮರದ ಗೋಳ, ಸಿಲಿಂಡರ್ ಮತ್ತು ಘನ, ಮೂರನೆಯದು ಎಂಟು ಪುಟ್ಟ ಘನಗಳಾಗಿ ಬಿಡಿಸಿಕೊಳ್ಳುವ ಒಂದು ಘನ. ಫ್ರೋಬೆಲ್ ತರುಣನಾಗಿದ್ದಾಗ ಬರ್ಲಿನ್ನಿನಲ್ಲಿ ಸ್ಫಟಿಕ ವಿಜ್ಞಾನಿ ವೈಸ್‌ನ ಕೈಕೆಳಗೆ ಖನಿಜಗಳ ಸಂಗ್ರಹವನ್ನು ನೋಡಿಕೊಳ್ಳುತ್ತಿದ್ದವನು. ಅವನ ಮರದ ಘನಗಳಲ್ಲಿ ಸ್ಫಟಿಕದ ನೆರಳು ಕಾಣುವುದು ಆಶ್ಚರ್ಯವಲ್ಲ. 1840ರಲ್ಲಿ ತನ್ನ ಸಂಸ್ಥೆಗೆ ಅವನು ಕೊಟ್ಟ ಹೆಸರು ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ. 1851ರಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಫ್ರೋಬೆಲ್ ಮರುವರ್ಷವೇ ತೀರಿಕೊಂಡ, ನಿಷೇಧ ತೆರವಾದದ್ದು 1860ರಲ್ಲಿ.

ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ತನ್ನ ಕಟ್ಟಡಗಳ ಬೀಜ ಈ ಮರದ ತುಂಡುಗಳಲ್ಲಿತ್ತು ಎಂದು ಬರೆದುಕೊಂಡಿದ್ದಾನೆ. ಅವನ ತಾಯಿ ಅವನ್ನು ಕಂಡದ್ದು 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ. ರೈಟ್ ಹುಟ್ಟಿದ್ದು 1867ರಲ್ಲಿ. ಅಂದರೆ ಅವನಿಗಾಗ ಒಂಬತ್ತು ವರ್ಷ! ಆರು ವರ್ಷದೊಳಗಿನವರಿಗೆಂದು ಮಾಡಿದ ಆಟಿಕೆಯನ್ನು ‘ನಿನಗೆ ಇದರ ವಯಸ್ಸು ಮೀರಿತು’ ಎಂದು ಆ ತಾಯಿ ಅಂಗಡಿಯಲ್ಲೇ ಬಿಟ್ಟು ಬರಲಿಲ್ಲ.

ರೋಮ್ ನಗರದಲ್ಲಿ

ಸೆಗ್ವಾಂನನ್ನು ಮತ್ತೆ ಹುಡುಕಿ ತೆಗೆದವರು ಮರಿಯಾ ಮಾಂಟೆಸೊರಿ. 1896ರಲ್ಲಿ ವೈದ್ಯಕೀಯ ಪದವಿ ಪಡೆದ ಅವರು ರೋಮ್‌ನ ಮನೋರೋಗ ಚಿಕಿತ್ಸಾಲಯಕ್ಕೆ ಹೋಗಿ ಬರುತ್ತಿದ್ದರು. ದೊಡ್ಡವರ ಜೊತೆಯಲ್ಲೇ ಅಲ್ಲಿ ಮಕ್ಕಳನ್ನೂ ಕೂಡಿಹಾಕಿದ್ದರು. ಊಟವಾದ ಮೇಲೆ ಈ ಮಕ್ಕಳು ನೆಲದ ಮೇಲೆ ಬಿದ್ದ ರೊಟ್ಟಿಯ ಚೂರುಗಳಿಗಾಗಿ ತೆವಳುತ್ತವೆ ಎಂದು ಅಲ್ಲಿನ ಹೆಂಗಸೊಬ್ಬಳು ಹೇಸಿಗೆಯಿಂದ ಹೇಳಿದಳಂತೆ. ಮಾಂಟೆಸೊರಿ ಕೋಣೆಯನ್ನು ನೋಡಿದರು. ಮಕ್ಕಳ ಕೈಗೆ ಸಿಗುವಂಥ ವಸ್ತು ಅಲ್ಲಿ ಒಂದೂ ಇರಲಿಲ್ಲ. ಹಸಿದಿದ್ದದ್ದು ಹೊಟ್ಟೆಯಲ್ಲ, ಕೈ ಎಂದು ಅವರಿಗೆ ಅನ್ನಿಸಿತು ಎಂದು ಅವರ ಜೀವನ ಚರಿತ್ರೆ ಬರೆದವರು ಹೇಳುತ್ತಾರೆ.

ಅವರು ಇಟಾರ್ ಮತ್ತು ಸೆಗ್ವಾಂರ ಗ್ರಂಥಗಳನ್ನು ಹುಡುಕಿ, ಮೊದಲಿನಿಂದ ಕೊನೆಯವರೆಗೆ ಸ್ವಂತ ಕೈಬರಹದಲ್ಲಿ ಇಟಾಲಿಯನ್ನಿಗೆ ಅನುವಾದಿಸಿಕೊಂಡರು. 1900ರ ಸುಮಾರಿನಲ್ಲಿ ಬುದ್ಧಿಮಾಂದ್ಯರೆಂದು ತಳ್ಳಿದ ಮಕ್ಕಳಿಗಾಗಿ ನಡೆದ ಶಾಲೆಯೊಂದರಲ್ಲಿ ಈ ಸಾಮಗ್ರಿಗಳನ್ನು ಬಳಸಿದರು. ಅವರಲ್ಲಿ ಕೆಲವರು ಸಾಮಾನ್ಯ ಮಕ್ಕಳ ಜೊತೆ ಪರೀಕ್ಷೆ ಬರೆದು ಉತ್ತೀರ್ಣರಾದರು. ಎಲ್ಲರೂ ಹೊಗಳಿದರು. ಮಾಂಟೆಸೊರಿಯವರ ಚಿಂತೆ ಬೇರೆ: ಇವರು ಪಾಸಾಗುವುದಾದರೆ, ಆರೋಗ್ಯವಾಗಿರುವ ಮಕ್ಕಳು ಇಷ್ಟು ಕೆಳಗೆ ಉಳಿದಿರುವುದೇಕೆ?

1907ರ ಜನವರಿ 6ರಂದು ರೋಮ್‌ನ ಬಡವರ ಬಡಾವಣೆ ಸಾನ್ ಲೊರೆಂಜೊದಲ್ಲಿ ಅವರ ‘ಮಕ್ಕಳ ಮನೆ’ ಆರಂಭವಾಯಿತು. ಅಸಮರ್ಥ ಮಕ್ಕಳಿಗಾಗಿ ಹುಟ್ಟಿದ ಸಾಮಗ್ರಿ ಅಲ್ಲಿ ಎಲ್ಲ ಮಕ್ಕಳ ಕೈಗೆ ಬಂತು. ಸಿಲಿಂಡರ್ ಹಲಗೆ ಅವುಗಳಲ್ಲೊಂದು: ಹತ್ತು ಗುಳಿ, ಹತ್ತು ಸಿಲಿಂಡರ್, ಪ್ರತಿಯೊಂದಕ್ಕೂ ಮೇಲೊಂದು ಪುಟ್ಟ ಹಿಡಿ. ಹಿಡಿಯನ್ನು ಮೂರು ಬೆರಳಿನಿಂದ ಹಿಡಿಯಬೇಕು, ಪೆನ್ಸಿಲ್ ಹಿಡಿಯುವಂತೆ. ಹತ್ತನ್ನೂ ತೆಗೆದು ಬೆರೆಸಿ ಮತ್ತೆ ಕೂರಿಸುವಾಗ ಒಂದು ತಪ್ಪಿದರೆ ಕೊನೆಗೆ ಒಂದು ಸಿಲಿಂಡರ್ ಜಾಗವಿಲ್ಲದೆ ಉಳಿಯುತ್ತದೆ. ಸೆಗ್ವಾಂನ ಗುಳಿಯ ಗುಣವೇ ಇದು. ಸುಮಾರು ಮೂರು ವರ್ಷದ ಹುಡುಗಿಯೊಬ್ಬಳು ಈ ಸಿಲಿಂಡರುಗಳನ್ನು ನಲವತ್ತಕ್ಕೂ ಹೆಚ್ಚು ಸಲ ತೆಗೆದು ಕೂರಿಸಿದಳು. ಅವಳಿದ್ದ ಕುರ್ಚಿಯನ್ನೇ ಎತ್ತಿ ಮೇಜಿನ ಮೇಲಿಟ್ಟರೂ ಅವಳು ನಿಲ್ಲಿಸಲಿಲ್ಲ. ಶ್ರೀಮಂತ ಮಹಿಳೆಯರು ತಂದಿತ್ತ ಬೆಲೆಬಾಳುವ ಗೊಂಬೆಗಳ ಗೊಡವೆಗೆ ಅಲ್ಲಿನ ಮಕ್ಕಳು ಹೋಗಲಿಲ್ಲ.

ಗುಲಾಬಿ ಗೋಪುರ ಎಂಬ ಇನ್ನೊಂದು ಸಾಮಗ್ರಿಯನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. 1 ಸೆಂ.ಮೀ.ನಿಂದ 10 ಸೆಂ.ಮೀ.ವರೆಗೆ ಬದಿಯುಳ್ಳ ಹತ್ತು ಘನಗಳು. ಬದಿ ಹತ್ತು ಪಟ್ಟಾದಾಗ ಮುಖದ ವಿಸ್ತೀರ್ಣ 100 ಪಟ್ಟು, ಗಾತ್ರ 1000 ಪಟ್ಟು. ಅತಿ ಚಿಕ್ಕದನ್ನು ಎರಡು ಬೆರಳಿನಿಂದ ಎತ್ತಬೇಕು, ಅತಿ ದೊಡ್ಡದನ್ನು ಎರಡು ಕೈಯಿಂದ. ಸೂತ್ರ ಕಲಿಯುವ ಹತ್ತು ವರ್ಷ ಮೊದಲೇ ತೋಳಿಗೆ ಅದರ ಪರಿಚಯವಾಗಿರುತ್ತದೆ.

ಮಾಂಟೆಸೊರಿ ಪದ್ಧತಿಯ ಮೇಲೆ ಟೀಕೆಗಳೂ ಬಂದವು. ಅಮೆರಿಕದ ಶಿಕ್ಷಣತಜ್ಞ ಕಿಲ್‌ಪ್ಯಾಟ್ರಿಕ್ 1914ರಲ್ಲಿ ಅದನ್ನು ಕಟುವಾಗಿ ವಿಮರ್ಶಿಸಿದ. ಸಾಮಗ್ರಿ ಬಿಗಿ, ಒಂದನ್ನು ಒಂದೇ ರೀತಿ ಬಳಸಬೇಕು, ಕಲ್ಪನೆಗೆ ಜಾಗ ಕಡಿಮೆ ಎಂಬುದು ಮುಖ್ಯ ಆಕ್ಷೇಪ. ಈ ಆಕ್ಷೇಪದಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಸಿಲಿಂಡರನ್ನು ಗುಳಿಗೆ ಕೂರಿಸುವ ಬದಲು ಮಗು ಅದಕ್ಕೆ ಬಟ್ಟೆ ಸುತ್ತಿ ಪಾಪು ಮಾಡಿಕೊಂಡರೆ ಅದು ತಪ್ಪೇ? ರಷ್ಯದ ಲೆವ್ ವೈಗಾಟ್‌ಸ್ಕಿ 1933ರ ಉಪನ್ಯಾಸವೊಂದರಲ್ಲಿ ಕೋಲನ್ನೇ ಕುದುರೆ ಮಾಡಿಕೊಳ್ಳುವ ಮಗುವಿನ ಬಗ್ಗೆ ಮಾತನಾಡಿದ. ಕೋಲು ಕುದುರೆಯಾದ ಗಳಿಗೆಯಲ್ಲಿ ಅರ್ಥ ವಸ್ತುವಿನಿಂದ ಬಿಡಿಸಿಕೊಳ್ಳುತ್ತದೆ, ಅಲ್ಲಿಂದಲೇ ಸಂಕೇತಗಳ ಚಿಂತನೆ ಶುರು ಎಂಬುದು ಅವನ ವಾದದ ಸಾರ. ಅವನೂ ಅಂಗವಿಕಲ ಮಕ್ಕಳ ನಡುವೆ ಕೆಲಸ ಮಾಡಿದವನು ಎಂಬುದು ಆಕಸ್ಮಿಕವಲ್ಲ.

ಆಟಿಕೆ ಅಳತೆಗೋಲಾದಾಗ

ಈಗ ಕಥೆಯ ಇನ್ನೊಂದು ಕವಲು. 1905ರಲ್ಲಿ ಫ್ರಾನ್ಸಿನ ಆಲ್‌ಫ್ರೆಡ್ ಬಿನೆ ಮತ್ತು ಸಿಮೋನ್ ಮೊದಲ ಬುದ್ಧಿಪರೀಕ್ಷೆಯನ್ನು ರಚಿಸಿದರು. ಯಾವ ಮಕ್ಕಳಿಗೆ ಹೆಚ್ಚಿನ ನೆರವು ಬೇಕು ಎಂದು ಗುರುತಿಸುವುದು ಉದ್ದೇಶ. 1908ರ ಪರಿಷ್ಕರಣೆಯಲ್ಲಿ ಪ್ರಶ್ನೆಗಳನ್ನು ವಯಸ್ಸಿಗೆ ತಕ್ಕಂತೆ ಜೋಡಿಸಿದರು. ‘ಮಾನಸಿಕ ವಯಸ್ಸು’ ಎಂಬ ಕಲ್ಪನೆಯ ಬೇರು ಇಲ್ಲಿದೆ. ಅದೇ ಕಾಲದಲ್ಲಿ ಅಮೆರಿಕದ ವೈನ್‌ಲ್ಯಾಂಡ್ ಶಾಲೆಯಲ್ಲಿ ಹೆನ್ರಿ ಗೊಡ್ಡಾರ್ಡ್ ಸೆಗ್ವಾಂನ ಹಲಗೆಯನ್ನು ಗಡಿಯಾರದ ಜೊತೆ ಸೇರಿಸಿದ. ಹತ್ತು ಬಿಲ್ಲೆಗಳನ್ನು ಮಗು ಎಷ್ಟು ಸೆಕೆಂಡಿನಲ್ಲಿ ಕೂರಿಸುತ್ತದೆ ಎಂದು ಅಳೆದು, ಆ ಸೆಕೆಂಡುಗಳಿಂದ ಮಾನಸಿಕ ವಯಸ್ಸನ್ನು ಓದಿದ.

ಅಳತೆ ಬೇಕು. ಅಳತೆ ಇಲ್ಲದೆ ಯಾರಿಗೆ ಯಾವ ನೆರವು ಎಂದು ತಿಳಿಯುವುದಿಲ್ಲ. ಆದರೆ ಗಡಿಯಾರ ಬಂದಾಗ ಹಲಗೆಯ ಸ್ವಭಾವವೇ ಬದಲಾಯಿತು. ಸೆಗ್ವಾಂನ ಮಗು ತಪ್ಪು ಮಾಡಿ ತಿದ್ದಿಕೊಂಡರೆ ಅದು ಕಲಿಕೆ, ಗೊಡ್ಡಾರ್ಡ್‌ನ ಮಗು ತಪ್ಪು ಮಾಡಿ ತಿದ್ದಿಕೊಂಡರೆ ಅದು ಕಳೆದುಹೋದ ಐದು ಸೆಕೆಂಡು.

ಇದು ಎಲ್ಲಿಗೆ ಹೋಯಿತು ಎಂಬುದಕ್ಕೆ ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪ ಸಾಕ್ಷಿ. ಹಡಗಿನಲ್ಲಿ ಬಂದಿಳಿದ ವಲಸೆಗಾರರಲ್ಲಿ ‘ದುರ್ಬಲ ಬುದ್ಧಿ’ಯವರನ್ನು ಹಿಂದಕ್ಕೆ ಕಳುಹಿಸಬೇಕೆಂದು ಅಮೆರಿಕದ ಕಾನೂನು ಹೇಳುತ್ತಿತ್ತು. ಬಂದವರಿಗೆ ಇಂಗ್ಲಿಷ್ ಬಾರದು. ಆದ್ದರಿಂದ ಅಲ್ಲಿನ ವೈದ್ಯ ಹೊವರ್ಡ್ ನಾಕ್ಸ್ ಮತ್ತು ಸಂಗಡಿಗರು 1912ರಿಂದ 1916ರ ನಡುವೆ ಮರದ ಜೋಡಣೆ ಹಲಗೆಗಳನ್ನೂ ಘನಗಳನ್ನು ತಟ್ಟುವ ಪರೀಕ್ಷೆಯನ್ನೂ ರೂಪಿಸಿದರು. ವಾರಗಟ್ಟಲೆ ಹಡಗಿನಲ್ಲಿ ಬಳಲಿದ, ಇಂಥ ಹಲಗೆಯನ್ನು ಎಂದೂ ನೋಡಿರದ ರೈತ ಹೆಂಗಸಿನ ಮುಂದೆ ಅದನ್ನು ಇಡುತ್ತಿದ್ದರು. ನಾಕ್ಸ್‌ನ ಪರವಾಗಿ ಒಂದು ಮಾತು ಹೇಳಬೇಕು. ಭಾಷೆ ಬಾರದವರನ್ನು ಭಾಷೆಯ ಪ್ರಶ್ನೆಗಳಿಂದ ಅಳೆಯುವುದು ಅನ್ಯಾಯ ಎಂದು ತಿಳಿದೇ ಅವನು ಮರಕ್ಕೆ ಮೊರೆಹೋದದ್ದು. ಆದರೂ ಹಲಗೆಯೊಂದು ದೇಶದ ಬಾಗಿಲಿನ ಬೀಗವಾಯಿತು. ಗೊಡ್ಡಾರ್ಡ್ ದುರ್ಬಲ ಬುದ್ಧಿ ವಂಶದಿಂದ ಬರುವುದು, ಅದಕ್ಕೆ ಮದ್ದಿಲ್ಲ ಎಂದು 1912ರಲ್ಲಿ ಪುಸ್ತಕವನ್ನೇ ಬರೆದಿದ್ದ. 1928ರ ಹೊತ್ತಿಗೆ ಮಾತು ಬದಲಿಸಿ, ಅಂಥವರಲ್ಲಿ ಬಹುಮಂದಿಗೆ ಶಿಕ್ಷಣ ಕೊಡಬಹುದೆಂದು ಒಪ್ಪಿಕೊಂಡ.

ನಮ್ಮಲ್ಲಿಗೂ ಈ ಕವಲು ಬಂತು. ವಿ.ವಿ. ಕಾಮತ್ ಅವರು ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರು ನಮ್ಮ ಮನೋವಿಜ್ಞಾನ ವಿಭಾಗಗಳಲ್ಲಿ ಇಂದಿಗೂ ಪರಿಚಿತ. ಸೆಗ್ವಾಂ ಹಲಗೆಯೂ ಭಾರತದ ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿದೆ. ಮಗುವನ್ನು ಅಲ್ಲಿಗೆ ಕರೆದೊಯ್ದ ತಂದೆತಾಯಿ ಮನೆಗೆ ತರುವುದು ಒಂದು ಅಂಕಿಯನ್ನು. ಮಗು ಯಾವ ಬಿಲ್ಲೆಯ ಬಳಿ ತಡವರಿಸಿತು, ಸುಮ್ಮನೆ ಒತ್ತಿತೋ, ತಿರುಗಿಸಿ ನೋಡಿತೋ, ಅಮ್ಮನ ಮುಖ ನೋಡಿತೋ ಎಂಬುದನ್ನು ಅಂಕಿ ಹೇಳುವುದಿಲ್ಲ. ಮರುದಿನ ಯಾವ ಆಟಿಕೆ ಕೊಡಬೇಕೆಂದು ನಿರ್ಧರಿಸಲು ಬೇಕಾದದ್ದು ಆ ವಿವರವೇ. ಒಳ್ಳೆಯ ಪರೀಕ್ಷಕರು ಅದನ್ನು ಬರೆದುಕೊಳ್ಳುತ್ತಾರೆ. ಶಿಕ್ಷಕರು ಅದನ್ನು ಕೇಳಿ ಪಡೆಯಬೇಕು.

ಡಬ್ಬಿಯ ಮೇಲಿನ ವಯಸ್ಸು

ಇಂದು ಆಟಿಕೆ ಡಬ್ಬಿಯ ಮೇಲೆ ‘3+’ ಎಂದು ಮುದ್ರಿಸಿರುತ್ತದೆ. ಇದನ್ನು ‘ಮೂರು ವರ್ಷದವರಿಗೆ ಅರ್ಥವಾಗುತ್ತದೆ’ ಎಂದು ಹಲವರು ಓದಿಕೊಳ್ಳುತ್ತಾರೆ. ‘ನಮ್ಮ ಮಗು ಚುರುಕು, ಎರಡಕ್ಕೇ ಕೊಡೋಣ’ ಎನ್ನುವವರೂ ಇದ್ದಾರೆ. ಆದರೆ ಆ ಅಂಕಿಗೆ ಬುದ್ಧಿಗಿಂತ ಗಂಟಲಿನೊಂದಿಗೆ ಹೆಚ್ಚು ಸಂಬಂಧ. ಅಮೆರಿಕದಲ್ಲಿ 1980ರ ಸುಮಾರಿಗೆ ಜಾರಿಗೆ ಬಂದ ನಿಯಮದಂತೆ 31.7 ಮಿ.ಮೀ. ವ್ಯಾಸದ, ಓರೆ ತಳದ ಕೊಳವೆಯೊಂದರಲ್ಲಿ ಆಟಿಕೆಯ ಬಿಡಿಭಾಗವನ್ನು ಹಾಕಿ ನೋಡುತ್ತಾರೆ. ಕೊಳವೆಯ ಆಳ ಒಂದು ಕಡೆ 25.4, ಇನ್ನೊಂದು ಕಡೆ 57.1 ಮಿ.ಮೀ. ಒತ್ತದೆಯೇ ಪೂರ್ತಿ ಒಳಗೆ ಇಳಿಯುವ ಭಾಗವುಳ್ಳ ಆಟಿಕೆ ಮೂರು ವರ್ಷದೊಳಗಿನವರಿಗೆ ಸಲ್ಲದು. ಇಂಥ ಕೊಳವೆಯನ್ನು ರಟ್ಟಿನಿಂದ ಶಾಲೆಯಲ್ಲೇ ಮಾಡಿಕೊಳ್ಳಬಹುದು. ಗೋಲಿ, ಗಜ್ಜುಗ, ಪೆನ್ನಿನ ಮುಚ್ಚಳ ಎಲ್ಲವೂ ಅದರಲ್ಲಿ ಇಳಿಯುತ್ತವೆ.

ಹೊಸ ಅಪಾಯಗಳೂ ಸೇರಿಕೊಂಡಿವೆ. ಗುಂಡಿಯಾಕಾರದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ವಿದ್ಯುತ್ ಹರಿದು ಋಣ ತುದಿಯ ಬಳಿ ಕ್ಷಾರ ಉತ್ಪತ್ತಿಯಾಗುತ್ತದೆ. ಎರಡೇ ಗಂಟೆಯಲ್ಲಿ ತೀವ್ರ ಸುಟ್ಟಗಾಯವಾಗಬಹುದು. ಪುಟ್ಟ ಬಲಶಾಲಿ ಅಯಸ್ಕಾಂತಗಳನ್ನು ಎರಡು ನುಂಗಿದರೆ ಕರುಳಿನ ಎರಡು ಮಡಿಕೆಗಳ ನಡುವೆ ಅವು ಪರಸ್ಪರ ಸೆಳೆದು ತೂತು ಮಾಡಬಲ್ಲವು. 2007ರಲ್ಲಿ ಸೀಸವುಳ್ಳ ಬಣ್ಣದ ಕಾರಣ ಮ್ಯಾಟೆಲ್ ಕಂಪನಿ ಲಕ್ಷಾಂತರ ಆಟಿಕೆಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಭಾರತದಲ್ಲಿ 2021ರ ಜನವರಿ 1ರಿಂದ, 14 ವರ್ಷದೊಳಗಿನವರ ಆಟಿಕೆಗಳಿಗೆ ಭಾರತೀಯ ಮಾನಕ ಸಂಸ್ಥೆಯ ಗುರುತು ಕಡ್ಡಾಯ. ಭೌಗೋಳಿಕ ಸೂಚಿಕೆ ಪಡೆದ ಕುಶಲಕರ್ಮಿಗಳ ಉತ್ಪನ್ನಗಳಿಗೆ ಇದರಿಂದ ವಿನಾಯಿತಿ ಇದೆ.

ಈಗ ಎಂಟು ವರ್ಷದ, ಆದರೆ ಎಲ್ಲವನ್ನೂ ಬಾಯಿಗೆ ಹಾಕಿ ನೋಡುವ ಒಂದು ಮಗುವನ್ನು ಯೋಚಿಸಿ. ಅದಕ್ಕೆ ‘3+’ ಎಂಬ ಡಬ್ಬಿ ಸುರಕ್ಷಿತವಲ್ಲ. ಇನ್ನು ಓದು ಬರಹ ಬಾರದ ಹದಿನಾಲ್ಕರ ಹುಡುಗನಿಗೆ ಕಿಲುಕಿಲು ಗಿಲಕಿ ಕೊಟ್ಟರೆ ಅದು ಅವಮಾನ. ಅವನ ಕೈಗೆ ಎಟುಕುವ, ಆದರೆ ಅವನ ಪ್ರಾಯಕ್ಕೆ ಒಪ್ಪುವ ಕೆಲಸ ಬೇಕು: ನಟ್ಟು ಬೋಲ್ಟು ತಿರುಗಿಸುವುದು, ಬೀಗಕ್ಕೆ ಕೀಲಿಕೈ ಹೊಂದಿಸುವುದು, ಅಂಗಡಿಯ ನಾಣ್ಯ ವಿಂಗಡಿಸುವುದು. ಬಾಯಿ, ಕೈ, ತಿಳಿವಳಿಕೆ, ಆಸಕ್ತಿ, ಮಾನ – ಈ ಐದಕ್ಕೂ ಒಂದೇ ವಯಸ್ಸು ಇರಬೇಕೆಂದಿಲ್ಲ.

ಇದು ಮನಸ್ಸಿಗೆ ಬಂದಾಗಲೆಲ್ಲ ಇಟಾರ್‌ನ ಲೋಟಗಳು ನೆನಪಾಗುತ್ತವೆ. ಸ್ವಿಟ್ಜರ್‌ಲೆಂಡಿನ ಜಾನ್ ಪಿಯಾಜೆ ತನ್ನ ಮೂವರು ಮಕ್ಕಳ ಮುಂದೆ ಆಟಿಕೆಯನ್ನು ಬಟ್ಟೆಯ ಕೆಳಗೆ ಮುಚ್ಚಿಟ್ಟು ನೋಡಿದ್ದು ಸುಮಾರು 120 ವರ್ಷಗಳ ನಂತರ. ಕಣ್ಣಿಗೆ ಕಾಣದ ವಸ್ತುವೂ ಇದೆ ಎಂಬ ಅರಿವು ಮಗುವಿಗೆ ಹಂತಹಂತವಾಗಿ ಬರುತ್ತದೆ ಎಂದು ಅವನು ತೋರಿಸಿದ. ಒಂದೇ ಆಟ ಪಿಯಾಜೆಯ ಮನೆಯಲ್ಲಿ ಎಂಟೊಂಬತ್ತು ತಿಂಗಳ ಕೂಸಿಗೆ ಸರಿ, ಇಟಾರ್‌ನ ಬಳಿ ಹನ್ನೆರಡರ ಹುಡುಗನಿಗೆ ಸರಿ. ಬೀಜದ ಬದಲು ಬೇರೆ ವಸ್ತು, ಬಟ್ಟೆಯ ಬದಲು ಲೋಟ.

ಭಾರತದಲ್ಲಿ

ಭಾವನಗರದ ಗಿಜುಭಾಯಿ ಬಧೇಕ ವೃತ್ತಿಯಿಂದ ವಕೀಲರು. ಮಾಂಟೆಸೊರಿಯವರ ಬರಹ ಓದಿ 1920ರಲ್ಲಿ ಬಾಲಮಂದಿರ ತೆರೆದರು. ಮಾಂಟೆಸೊರಿ ಅಷ್ಟಾಗಿ ಒಪ್ಪದ ಜನಪದ ಕಥೆ, ಹಾಡು, ನಾಟಕಗಳನ್ನು ಧಾರಾಳವಾಗಿ ಸೇರಿಸಿಕೊಂಡರು. ಸ್ವತಃ ಮಾಂಟೆಸೊರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕೆ ಇಳಿದಾಗ ಅವರು ಶತ್ರುದೇಶದವರಾದರು. ಮಗ ಮಾರಿಯೊನನ್ನು ಬ್ರಿಟಿಷ್ ಸರ್ಕಾರ ಬಂಧಿಸಿ, ಆಗಸ್ಟ್ 31ರಂದು, ಅವರ ಎಪ್ಪತ್ತನೆಯ ಹುಟ್ಟುಹಬ್ಬದಂದು ಬಿಡುಗಡೆ ಮಾಡಿತು. ಯುದ್ಧ ಮುಗಿಯುವವರೆಗೆ ಅಡ್ಯಾರ್ ಮತ್ತು ಕೊಡೈಕನಾಲ್‌ಗಳಲ್ಲಿ ಕೆಲಸ ಮಾಡಿ 1946ರಲ್ಲಿ ಯುರೋಪಿಗೆ ಮರಳಿದರು. ನಮ್ಮ ನಗರಗಳಲ್ಲಿ ಆ ಹೆಸರು ಇಂದು ಹೆಚ್ಚು ಶುಲ್ಕದ ಶಾಲೆಗಳ ಫಲಕದ ಮೇಲಿದೆ. ಅದು ಬಡವರ ಬಡಾವಣೆಯಲ್ಲಿ ಶುರುವಾದದ್ದು ಎಂದರೆ ನಂಬುವವರು ಕಡಿಮೆ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಈ ವಿಚಾರ ಬಂದದ್ದು ಬೇರೆ ದಾರಿಯಿಂದ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಆಂಧ್ರದ ರಿಷಿ ವ್ಯಾಲಿಯ ಪದ್ಧತಿಯನ್ನು ನೋಡಿ ಬಂದ ಶಿಕ್ಷಕರು ‘ನಲಿ ಕಲಿ’ಯನ್ನು ಆರಂಭಿಸಿದರು. ಪಾಠಕ್ಕೆ ಬದಲು ಚಟುವಟಿಕೆಗಳು, ಅವುಗಳನ್ನು ಮೆಟ್ಟಿಲುಗಳಾಗಿ ಜೋಡಿಸಿದ ಕಲಿಕಾ ಏಣಿ. ವಾರ ರಜೆ ಹಾಕಿ ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ.

ಸಾಮಗ್ರಿಯ ವಿಷಯಕ್ಕೆ ಬಂದರೆ ಚನ್ನಪಟ್ಟಣ ನಮಗೆ ದೂರವಿಲ್ಲ. ಹಗುರವಾದ ಆಲೆ ಮರವನ್ನು ಲೇತಿನಲ್ಲಿ ತಿರುಗಿಸುತ್ತ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಮೂಲೆ ಮೊನೆಗಳಿಲ್ಲದ ಈ ನುಣುಪು ಎಳೆಯ ಮಕ್ಕಳ ಬಾಯಿಗೂ ಕೈಗೂ ಹಿತ. ಅಳಗುಳಿಮಣೆಯೂ ಒಳ್ಳೆಯ ಸಾಮಗ್ರಿ. ಹದಿನಾಲ್ಕು ಗುಳಿಗೆ ಒಂದೊಂದೇ ಕಾಯಿ ಹಾಕುತ್ತ ಹೋಗುವುದು ನಾಲ್ಕು ವರ್ಷದವರಿಗೆ ಎಣಿಕೆಯ ಆಟ, ಎಲ್ಲಿಂದ ಹೊರಟರೆ ಎಲ್ಲಿ ಮುಗಿಯುತ್ತದೆ ಎಂದು ಲೆಕ್ಕ ಹಾಕುವುದು ಹತ್ತರವರಿಗೆ ಸವಾಲು. ದೃಷ್ಟಿಯಿಲ್ಲದವರೂ ಬೆರಳಿನಿಂದಲೇ ಆಡಬಲ್ಲರು. ಆದರೆ ಕಾಯಿಗೆ ಗುಲಗಂಜಿ ಬೇಡ. ಅದರ ಬೀಜದಲ್ಲಿರುವ ಎಬ್ರಿನ್ ಬಹಳ ಪ್ರಬಲವಾದ ವಿಷ, ಅಗಿದರೆ ಅಪಾಯ. ಪುಟ್ಟ ಮಕ್ಕಳಿದ್ದಲ್ಲಿ ಹುಣಸೆ ಬೀಜವೂ ಬೇಡ, ದೊಡ್ಡ ಬೆಣಚುಕಲ್ಲು ಸಾಕು.

ಕೊನೆಗೆ ಆಕೃತಿ ಹಲಗೆಗೇ ಬರೋಣ. ಅದನ್ನು ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯಿಂದ ಅಥವಾ ದಪ್ಪ ರಟ್ಟಿನಿಂದ ಮಾಡಬಹುದು. ಆಕಾರಗಳ ಕಷ್ಟ ಒಂದೇ ಸಮ ಇರುವುದಿಲ್ಲ. ವೃತ್ತವನ್ನು ಹೇಗೆ ತಿರುಗಿಸಿ ಇಟ್ಟರೂ ಕೂರುತ್ತದೆ. ಚೌಕ ಒಂದು ಸುತ್ತಿನಲ್ಲಿ ನಾಲ್ಕು ಸ್ಥಿತಿಗಳಲ್ಲಿ, ಸಮಬಾಹು ತ್ರಿಕೋನ ಮೂರರಲ್ಲಿ, ಆಯತ ಎರಡರಲ್ಲಿ, ಬಾವುಟದಂಥ ಓರೆ ಆಕಾರ ಒಂದೇ ಸ್ಥಿತಿಯಲ್ಲಿ. ಆವರ್ತನ ಸಮ್ಮಿತಿ ಕಡಿಮೆಯಾದಂತೆ ಕೈ ಹೆಚ್ಚು ಹುಡುಕಬೇಕು. ಹೈಸ್ಕೂಲಿನ ಮಕ್ಕಳು ಸಮ್ಮಿತಿಯ ಪಾಠಕ್ಕಾಗಿ ಬಿಲ್ಲೆಗಳನ್ನು ಕತ್ತರಿಸಿದರೆ ಪಕ್ಕದ ಅಂಗನವಾಡಿಗೆ ಆಟಿಕೆ ಸಿದ್ಧ. ಆರಂಭದಲ್ಲಿ ವೃತ್ತದ ಗುಳಿಯನ್ನು ಬಿಟ್ಟು ಉಳಿದವನ್ನು ಕಾಗದದಿಂದ ಮುಚ್ಚಿಡಿ. ಅದು ಕೂತ ಮೇಲೆ ಇನ್ನೊಂದನ್ನು ತೆರೆಯಿರಿ. ಬೆರಳು ಬಿಗಿಯಾಗಿರುವ ಮಗುವಿಗೆ ಬಿಲ್ಲೆಯ ಮೇಲೆ ಬಾಟಲಿ ಮುಚ್ಚಳವೊಂದನ್ನು ಹಿಡಿಯಾಗಿ ಅಂಟಿಸಿ. ಕಣ್ಣು ಕಾಣದ ಮಗುವಿಗೆ ಗುಳಿಯ ತಳಕ್ಕೂ ಬಿಲ್ಲೆಯ ಮೇಲಕ್ಕೂ ಒಂದೇ ಬಗೆಯ ಮರಳು ಕಾಗದ ಅಥವಾ ಬಟ್ಟೆ ಅಂಟಿಸಿದರೆ, ಬಣ್ಣ ಮಾಡುವ ಕೆಲಸವನ್ನು ಸ್ಪರ್ಶ ಮಾಡುತ್ತದೆ. ಗಡಿಯಾರವನ್ನು ಗೋಡೆಯ ಮೇಲೆಯೇ ಬಿಟ್ಟುಬಿಡಿ.